ನಾಲ್ಕನೇ ಏಟಿನ ಉಸಿರು

ಸರಿರಾತ್ರಿ ಕಳೆದ ಮೇಲೆ ಒಂದು ಸಣ್ಣ ಶಿಳ್ಳೆ ಕೇಳಿಸಿತು. ಹಂಚಿನ ಸಂದಿಗೆ ಗಾಳಿ ನುಗ್ಗಿದಾಗ ಬರುವಂಥದ್ದಲ್ಲ, ಇಲಿಮರಿಯದ್ದೂ ಅಲ್ಲ. ಮಲಗಿದ ಗಂಡಸಿನ ಮೂಗಿನೊಳಗಿನ ಶಿಳ್ಳೆ. ಉಸಿರು ಒಳಗೆ ಹೋಗುವಾಗ ಒಂದು ಸಲ, ಹೊರಗೆ ಬರುವಾಗ ಅದಕ್ಕಿಂತ ತೆಳ್ಳಗೆ ಇನ್ನೊಂದು ಸಲ. ನಯನ ಕತ್ತಲಲ್ಲಿ ಎಣಿಸತೊಡಗಿದಳು. ಇಪ್ಪತ್ತರವರೆಗೆ ಒಂದೇ ಸಮನೆ ಬಂದರೆ ಗಂಡ ಸ್ವಾಮಿಗೆ ನಿದ್ದೆ ಹತ್ತಿದೆ ಎಂದು ಅರ್ಥ. ಇಪ್ಪತ್ತಾಯಿತು. ಮಗಳ ತಲೆಯಡಿಯಿಂದ ತೋಳು ಬಿಡಿಸಿಕೊಂಡು ಎದ್ದು, ಹಿತ್ತಲಿಗೆ ಹೋಗಿ, ಒಣಗಿ ತುಟಿಗೆ ಅಂಟಿಕೊಂಡಿದ್ದ ರಕ್ತವನ್ನು ತೊಟ್ಟಿಯ ನೀರಿನಲ್ಲಿ ನೆನೆಸಿ ನೆನೆಸಿ ಬಿಡಿಸಿದಳು.

ಜಗಲಿಯಲ್ಲಿ ಮಲಗಿದ್ದ ಅತ್ತೆ ಶಿವನಂಜಮ್ಮ ಕಣ್ಣು ತೆರೆದೇ ಇದ್ದಳು.

"ಮಲೀಕಂಡ್ನಾ?"

"ಹೂಂ ಅತ್ತೆ."

"ಇಪ್ಪತ್ ಎಣಿಸ್ದಾ?"

"ಎಣಿಸ್ದೆ."

"ಅಂಗಾರೆ ಓಗಿ ಬಿದ್ಕೊ. ಬೆಳಗ್ಗೆ ಕರೆಂಟು ಐದ್ಕೇ ಓಯ್ತದೆ, ನೀರು ತುಂಬ್ಕೋಬೇಕು."

ಈ ಎಣಿಕೆಯನ್ನು ಹೇಳಿಕೊಟ್ಟವಳು ಅತ್ತೆಯೇ. ಬೆಳಕವಾಡಿಯ ಹುಡುಗಿ ನಯನ, ಮಳವಳ್ಳಿಯಲ್ಲಿ ಬಿಎ ಮುಗಿಸಿದವಳು, ಏಳು ವರ್ಷದ ಹಿಂದೆ ಮದ್ದೂರು ರಸ್ತೆಯಿಂದ ಎರಡು ಮೈಲಿ ಒಳಗಿರುವ ಈ ಊರಿಗೆ ಸೊಸೆಯಾಗಿ ಬಂದಾಗ, ಮೊದಲ ತಿಂಗಳಲ್ಲೇ ಮೊದಲ ಏಟು ಬಿತ್ತು. ಕೆನ್ನೆಗೆ ಅರಿಶಿನ ಹಚ್ಚುತ್ತ ಅತ್ತೆ ಹೇಳಿದ್ದಳು. "ಆಯೋ ದನುಕ್ಕೆ ಗಂಟೆ ಕಟ್ತಾರೆ ಕಣವ್ವ, ಎದ್ರಿಗೆ ಬರೋರು ದೂರ ಸರೀಲಿ ಅಂತ. ನಮ್ಮನೆ ದನುಕ್ಕೆ ಮೂಗೊಳ್ಗೇ ಗಂಟೆ ಅದೆ. ಕಿವಿ ತೆರ್ದು ಮಡಿಕ್ಕೊ, ಬದೀಕತೀಯೆ."

ನಯನ ಕಿವಿ ತೆರೆದಿಟ್ಟುಕೊಂಡಳು. ಮದುವೆಗೆ ಐದು ವರ್ಷ ಮೊದಲು ಹೋರಿಗೆ ಮೂಗುದಾರ ಹಾಕುವಾಗ ಅದು ತಲೆ ಒದರಿ ಸ್ವಾಮಿಯ ಮೂಗು ಮುರಿದಿತ್ತಂತೆ. ಆಸ್ಪತ್ರೆಗೆ ಹೋಗಲಿಲ್ಲ, ಸೊಪ್ಪು ಅರೆದು ಕಟ್ಟಿದರು. ಮೂಗು ಎಡಕ್ಕೆ ಸೊಟ್ಟಗಾಗಿ ಕೂಡಿಕೊಂಡಿತು. ಅಂದಿನಿಂದ ಅವನು ಹತ್ತು ಮಾರು ದೂರದಲ್ಲಿದ್ದರೂ ಗೊತ್ತಾಗುತ್ತಿತ್ತು. ಶಿಳ್ಳೆ ಚೂಪಾಗಿ, ತುಂಡುತುಂಡಾಗಿ ಬಂದರೆ ಕುಡಿದಿದ್ದಾನೆ. ದಪ್ಪಗೆ, ನಿಧಾನವಾಗಿ ಬಂದರೆ ದಣಿದಿದ್ದಾನೆ, ಊಟ ಹಾಕಿದರೆ ಸಾಕು. ರಾತ್ರಿ ನಡುವೆ ಶಿಳ್ಳೆ ನಿಂತುಹೋದರೆ ಎಚ್ಚರವಾಗಿ ಬಾಯಲ್ಲಿ ಉಸಿರಾಡುತ್ತಿದ್ದಾನೆ. ಆಗ ಐದು ವರ್ಷದ ಅಮೃತಳನ್ನು ಎತ್ತಿಕೊಂಡು ಜಗಲಿಗೆ ಸಾಗಿಸಬೇಕು.

ಇನ್ನೂ ಒಂದು ಲೆಕ್ಕವಿತ್ತು. ಅದನ್ನು ಅವಳು ತಾನಾಗಿಯೇ ಕಂಡುಕೊಂಡಿದ್ದಳು. ಹೊಡೆಯಲು ನಿಂತರೆ ಸ್ವಾಮಿಗೆ ನಾಲ್ಕನೇ ಏಟಿಗೆ ಉಸಿರು ಸಾಲುತ್ತಿರಲಿಲ್ಲ. ಮೂರರವರೆಗೆ ಹಲ್ಲು ಕಚ್ಚಿಕೊಂಡು ಹೊಡೆಯುತ್ತಿದ್ದ. ನಾಲ್ಕಕ್ಕೆ ಬಾಯಿ ತೆರೆದುಕೊಳ್ಳುತ್ತಿತ್ತು, ಕೈ ಬಾಗಿಲ ಚೌಕಟ್ಟನ್ನು ಹುಡುಕುತ್ತಿತ್ತು, ನೀರಿನಿಂದ ತೆಗೆದ ಮೀನಿನಂತೆ ನಿಂತು ಗಾಳಿ ಎಳೆದುಕೊಳ್ಳುತ್ತಿದ್ದ. ಅಷ್ಟು ಹೊತ್ತಿನಲ್ಲಿ ಅವಳು ಕೊಟ್ಟಿಗೆ ದಾಟಿ ಪಕ್ಕದ ಮನೆಯ ಹಿತ್ತಲು ಸೇರಿಕೊಳ್ಳಬಹುದಿತ್ತು. ನಾಲ್ಕು ಏಟು ತಡೆಯಬಹುದು. ತಲೆ ತಗ್ಗಿಸಿ, ಮೊಣಕೈ ಮೇಲೆತ್ತಿ, ನಾಲ್ಕು ಏಟನ್ನು ಏಳು ವರ್ಷ ತಡೆದಿದ್ದಳು.

ಆಪರೇಷನ್ನಿನ ಮಾತು ಬಂದದ್ದು ಗೆಜ್ಜಲಗೆರೆಯಿಂದ. ಸ್ವಾಮಿ ಅಲ್ಲಿಯ ಒಂದು ತಗಡಿನ ಡಬ್ಬಿ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಯುಗಾದಿ ಆದ ಮರುವಾರ ರಾತ್ರಿ ಪಾಳಿಯಲ್ಲಿ ಪ್ರೆಸ್ಸಿನ ಮುಂದೆ ತೂಕಡಿಸಿದ. ಎಡಗೈ ಕಿರುಬೆರಳಿನ ತುದಿ ಡಬ್ಬಿಯ ಮುಚ್ಚಳದ ಜೊತೆಗೆ ಹೋಯಿತು. ಸೂಪರ್‌ವೈಸರ್ ಬ್ಯಾಂಡೇಜು ನೋಡಿ, ನಿದ್ದೆ ಸರಿಮಾಡಿಕೊಂಡು ಬಾ, ಇಲ್ಲದಿದ್ದರೆ ಬರಬೇಡ ಎಂದ. ಇಎಸ್‌ಐ ಕಾರ್ಡಿನ ಮೇಲೆ ಮಂಡ್ಯದ ಒಬ್ಬ ಮೂಗು ಗಂಟಲು ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಡಾಕ್ಟರ್ ರಂಜಿತ ನಲವತ್ತು ದಾಟದ ಹೆಂಗಸು. ಮಾತು ಕಡಿಮೆ, ನೋಟ ಜಾಸ್ತಿ. ತಣ್ಣಗಿನ ಸ್ಟೀಲ್ ಪಟ್ಟಿಯೊಂದನ್ನು ಸ್ವಾಮಿಯ ಮೂಗಿನ ಕೆಳಗೆ ಹಿಡಿದು ಉಸಿರು ಬಿಡಲು ಹೇಳಿದರು. ಬಲಗಡೆ ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಆವಿ ಕಟ್ಟಿತು. ಎಡಗಡೆ ಹೆಸರುಕಾಳಿನಷ್ಟು. ಆಮೇಲೆ ಸಣ್ಣ ಕ್ಯಾಮರಾ ಮೂಗಿನೊಳಗೆ ಹೋಯಿತು. ಪರದೆಯ ಮೇಲೆ ಒದ್ದೆಯಾದ, ಕೆಂಪಾದ ಗವಿಯೊಂದು ಕಾಣಿಸಿತು. ನಡುಗೋಡೆ ಎಡಕ್ಕೆ ವಾಲಿ ಕುಳಿತಿತ್ತು. ಅದರ ನಡುವೆ ಒಂದು ತೂತು. ಎತ್ತಿಗೆ ಮೂಗುದಾರ ಪೋಣಿಸುವುದು ಎಲ್ಲಿಯೋ ಅಲ್ಲಿಯೇ.

"ಶಿಳ್ಳೆ ಬರೋದು ಇದರಿಂದ. ಹಳೇ ಏಟಿನ ರಕ್ತ ಒಳಗೇ ನಿಂತು ಮೂಳೆ ಕೊಳೆತು ಹೀಗಾಗಿದೆ" ಎಂದರು ಡಾಕ್ಟರು. ಸ್ವಾಮಿಯ ಮೂಗಿಗೆ ಒಂದು ಔಷಧಿ ಸಿಂಪಡಿಸಿ, "ಹೊರಗೆ ಕೂತಿರಿ, ಹತ್ತು ನಿಮಿಷ ಬಿಟ್ಟು ಮತ್ತೆ ಪಟ್ಟಿ ಹಿಡಿದು ನೋಡ್ತೀನಿ. ಔಷಧಿಗೆ ಆವಿ ಜಾಸ್ತಿಯಾದರೆ ಬರೀ ಊತ ಅಂತ, ಕುಯ್ಯೋದು ಬೇಡ. ಆಗದಿದ್ದರೆ ಮೂಳೆಯದೇ ತೊಂದರೆ" ಎಂದರು.

ತುಂಬಬೇಕಾದ ಒಂದು ಹಾಳೆ ಕೊಟ್ಟರು. ಸ್ವಾಮಿ ಅದನ್ನು ಹೆಂಡತಿಯ ಮಡಿಲಿಗೆ ಎಸೆದ. "ಲೇ, ನೀನೇ ಬರಿ. ಬಿಎ ಮಾಡಿದ್ಕೆ ಇವತ್ತಾರ ಒಂದ್ ಉಪ್ಯೋಗ ಆಗ್ಲಿ."

ಅವನು ಹೊರಗೆ ಹೋದ. ಹಾಳೆಯಲ್ಲಿ ಐದು ಪ್ರಶ್ನೆಗಳಿದ್ದವು. ಮೂಗು ಬಿಗಿದುಕೊಳ್ಳುತ್ತದೆಯೇ. ಕಟ್ಟಿಕೊಳ್ಳುತ್ತದೆಯೇ. ಮೂಗಿನಿಂದ ಉಸಿರಾಡಲು ಕಷ್ಟವೇ. ನಿದ್ದೆಗೆ ತೊಂದರೆಯೇ. ಮೈ ದಣಿಯುವ ಕೆಲಸ ಮಾಡುವಾಗ ಮೂಗಿನಿಂದ ಸಾಕಷ್ಟು ಗಾಳಿ ಸಿಗದೆ ಹೋಗುತ್ತದೆಯೇ. ಏನೂ ತೊಂದರೆ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ನಾಲ್ಕು.

"ಇದನ್ನ ಹುಷಾರಾಗಿ ತುಂಬಿ" ಎಂದರು ಡಾಕ್ಟರು. "ಕ್ಯಾಮರಾಗಿಂತ ನಾನು ಇದನ್ನ ಜಾಸ್ತಿ ನಂಬ್ತೀನಿ. ಮೂಳೆ ಎಷ್ಟು ಸೊಟ್ಟಗಿದ್ದರೂ, ಈ ಐದಕ್ಕೆ ಕಡಿಮೆ ನಂಬರ್ ಹಾಕಿದವರಿಗೆ ಆಪರೇಷನ್ ಮಾಡಿದರೆ ಏನೂ ಬದಲಾಗಲ್ಲ ಅಂತಾರೆ. ಜಾಸ್ತಿ ಹಾಕಿದವರೇ ಆಮೇಲೆ ಬಂದು ಕೈಮುಗಿಯೋದು." ಮೇಜಿನ ಮೇಲಿನ ನೀಲಿ ರಟ್ಟಿನ ನೋಟ್‌ಬುಕ್ಕನ್ನು ಬೆರಳಿನಿಂದ ತಟ್ಟಿದರು. "ಪ್ರತಿಯೊಬ್ಬರದ್ದೂ ಗೆಲ್ಲುತ್ತಾ ಸೋಲುತ್ತಾ ಅಂತ ಆಪರೇಷನ್‌ಗೆ ಮುಂಚೆಯೇ ಬರೆದಿಡ್ತೀನಿ. ಆರು ತಿಂಗಳಾದ ಮೇಲೆ ತೆಗೆದು ನೋಡ್ತೀನಿ. ಆಮೇಲೆ ಬರೆದರೆ ನಮಗೆ ನಾವೇ ಸುಳ್ಳು ಹೇಳಿಕೊಂಡು ಬಿಡ್ತೀವಿ."

ನಯನಳ ಪೆನ್ನು ಸೊನ್ನೆಯ ಮೇಲೆ ನಿಂತಿತ್ತು. ಬಸ್ಸಿನಲ್ಲಿ ಬರುವಾಗಲೇ ಯೋಚಿಸಿದ್ದಳು. ಐದು ಸೊನ್ನೆ ಹಾಕಿದರೆ ಗಂಟೆ ಇದ್ದಲ್ಲೇ ಇರುತ್ತದೆ.

"ಮೇಡಂ, ಆ ಶಿಳ್ಳೆ?"

"ಅದೂ ನಿಲ್ಲುತ್ತೆ. ತೂತನ್ನೂ ಮುಚ್ತೀನಲ್ಲ. ಪಾಪ, ನೀವೂ ಎಷ್ಟು ವರ್ಷದಿಂದ ನಿದ್ದೆಗೆಟ್ಟಿದ್ದೀರೋ." ಡಾಕ್ಟರು ಅವಳ ಒಡೆದ ತುಟಿಯನ್ನು ನೋಡಿದರು, ಕಣ್ಣು ತೆಗೆಯಲಿಲ್ಲ. "ಇವರಿಗೆ ಕೋಪ ಜಾಸ್ತಿನಾ?"

ನಯನ ಸೆರಗಿನ ತುದಿಯನ್ನು ತುಟಿಗೆ ಒತ್ತಿಕೊಂಡಳು.

"ಹತ್ತು ಹನ್ನೆರಡು ವರ್ಷ ಸರಿಯಾಗಿ ನಿದ್ದೆ ಮಾಡದೆ ಇದ್ದರೆ ಯಾರಿಗಾದರೂ ತಲೆ ಕೆಡುತ್ತೆ. ನಿದ್ದೆ ಸರಿಹೋದರೆ ಮನುಷ್ಯ ಅರ್ಧ ಸರಿಹೋದ ಹಾಗೆ."

ಅರ್ಧ ಎಂಬ ಮಾತು ಅವಳ ಎದೆಗೆ ತಾಕಿತು. ಪೂರ್ತಿ ಸರಿಹೋಗುತ್ತಾನೆ ಎಂದಿದ್ದರೆ ನಂಬುತ್ತಿರಲಿಲ್ಲ. ಅರ್ಧವಾದರೆ ಎರಡು ಏಟು. ಅವಳು ಮೊದಲ ಮೂರಕ್ಕೆ ಮೂರು ಮೂರು ಬರೆದಳು. ನಿದ್ದೆಗೆ ನಾಲ್ಕು. ಐದನೆಯ ಪ್ರಶ್ನೆಗೆ ಬಂದಾಗ, ಈ ಲೋಕದಲ್ಲಿ ಇದರ ಉತ್ತರ ತನ್ನಷ್ಟು ಸರಿಯಾಗಿ ಯಾರಿಗೂ ಗೊತ್ತಿಲ್ಲ ಎನಿಸಿತು. ನಾಲ್ಕು ಎಂದು ಬರೆದು, ಅಳಿಸಿಹೋಗದ ಹಾಗೆ ಗೆರೆಯ ಮೇಲೆ ಗೆರೆ ಎಳೆದು ತಿದ್ದಿದಳು.

ಡಾಕ್ಟರು ಎಲ್ಲವನ್ನೂ ಕೂಡಿಸಿ ಐದರಿಂದ ಗುಣಿಸಿದರು. ನೂರಕ್ಕೆ ಎಂಬತ್ತೈದು. ಸ್ವಾಮಿ ಒಳಗೆ ಬಂದ. ಪಟ್ಟಿ ಮತ್ತೆ ಹಿಡಿದರು. ಎಡಗಡೆಯ ಆವಿ ಹೆಸರುಕಾಳಿಗಿಂತ ದೊಡ್ಡದಾಗಲಿಲ್ಲ. ನೀಲಿ ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮುಂದೆ ಡಾಕ್ಟರು 'ಗೆಲ್ಲುತ್ತದೆ' ಎಂದು ಬರೆದು ಅಡಿಗೆರೆ ಎಳೆದರು.

ಗೆದ್ದಿತು. ಮೂಗಿಗೆ ತುರುಕಿದ್ದನ್ನು ತೆಗೆದು, ಊತ ಇಳಿದು, ಮೂರು ವಾರ ಕಳೆಯುವ ಹೊತ್ತಿಗೆ ಸ್ವಾಮಿ ಬಾಯಿ ಮುಚ್ಚಿಕೊಂಡು ಮಲಗುವ ಮನುಷ್ಯನಾಗಿದ್ದ. ಡಾಕ್ಟರು ಬೇಡವೆಂದದ್ದರಿಂದ ಕುಡಿತವೂ ನಿಂತಿತ್ತು. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ನಿಂತು ಗಾಳಿ ಮೂಸಿದ. "ಅಮ್ಮೋ, ಎತ್ತಿನ್ ಮೈ ಇಂಗ್ ವಾಸ್ನೆ ಒಡೀತದಾ?" ಎಂದು ನಕ್ಕ. ಅಮೃತಳನ್ನು ಎತ್ತಿಕೊಂಡು ಅವಳ ತಲೆಯನ್ನು ಮೂಸಿ, "ಕೊಬ್ರಿ ಎಣ್ಣೆ ಕಣೆ ನೀನು" ಎಂದ. ಹುಟ್ಟಿದಾಗಿನಿಂದ ಅವನಿಗೆ ಮಗಳ ವಾಸನೆ ಗೊತ್ತಿರಲಿಲ್ಲ. ನಯನಳಿಗೆ ಆ ಹೊತ್ತು ಕಣ್ಣು ತುಂಬಿಬಂದದ್ದು ಸುಳ್ಳಲ್ಲ.

ರಾತ್ರಿಗಳು ಮಾತ್ರ ಅವಳಿಗೆ ಬೇರೆಯಾದವು. ಮನೆ ಬಾವಿಯಂತೆ ಸದ್ದಿಲ್ಲದಾಯಿತು. ಎಣಿಸಲು ಏನೂ ಇರಲಿಲ್ಲ. ಅವನು ಮಲಗಿದ್ದಾನೋ, ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ತನ್ನನ್ನೇ ನೋಡುತ್ತಿದ್ದಾನೋ ತಿಳಿಯದೆ ಬೆಳಗಿನವರೆಗೂ ಅಲುಗಾಡದೆ ಬಿದ್ದುಕೊಂಡಿರುತ್ತಿದ್ದಳು.

"ಗಂಟೆ ಕಿತ್ತಾಕ್‌ಬುಟ್ರಲ್ಲವ್ವ" ಎಂದಳು ಶಿವನಂಜಮ್ಮ, ಅಲಸಂದೆಕಾಯಿ ಬಿಡಿಸುತ್ತ.

"ಈಗ ಸರಿಯಾಗವ್ರಲ್ಲ ಅತ್ತೆ."

"ಊಂ. ಸರಿಯಾಗವ್ನೆ." ಅತ್ತೆ ಹುಳುಕು ಕಾಳೊಂದನ್ನು ಆರಿಸಿ ಕೋಳಿಗೆ ಎಸೆದಳು. "ನಿದ್ದೆ ಮಾಡ್ದೋನ್ ಕೈಯಿ ಗಟ್ಟಿ ಇರ್ತದೆ, ನೋಡ್ಕೊ."

ಐದನೇ ವಾರ ಡಾಕ್ಟರು ಫೋನ್ ಮಾಡಿದರು. ಸ್ವಾಮಿ ಫ್ಯಾಕ್ಟರಿಯಿಂದ ಇನ್ನೂ ಬಂದಿಲ್ಲ ಎಂದು ನಯನ ಅಂದುಕೊಂಡಿದ್ದಳು. ಡಾಕ್ಟರು ಐದು ಪ್ರಶ್ನೆಗಳನ್ನು ಮತ್ತೆ ಕೇಳಿದರು. ಅವಳು ಸೊನ್ನೆ, ಸೊನ್ನೆ, ಒಂದು, ಸೊನ್ನೆ ಎಂದಳು. ಐದನೆಯದಕ್ಕೆ, "ಗೊತ್ತಿಲ್ಲ ಮೇಡಂ, ಇನ್ನೂ ದಣಿಯುವ ಕೆಲಸ ಏನೂ ಮಾಡಿಲ್ಲ" ಎಂದಳು. ಆಮೇಲೆ, "ನಯನ, ನಿಮಗೇನಾದರೂ ತೊಂದರೆ ಇದೆಯಾ?" ಎಂದು ಫೋನಿನ ಸ್ಪೀಕರಿನಲ್ಲಿ ಗಟ್ಟಿಯಾಗಿಯೇ ಕೇಳಿಸಿತು.

"ಇಲ್ಲ ಮೇಡಂ."

ಫೋನ್ ಇಟ್ಟು ತಿರುಗಿದಳು. ಒಂದು ಮಾರಿನ ದೂರದಲ್ಲಿ ಸ್ವಾಮಿ ನಿಂತಿದ್ದ. ಬೈಕನ್ನು ಬೀದಿಯ ತುದಿಯಲ್ಲೇ ಬಿಟ್ಟು ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಸಾರಾಯಿಯ ವಾಸನೆ ಆಗಷ್ಟೇ ಅವಳಿಗೆ ತಟ್ಟಿತು.

"ಡಾಕ್ಟ್ರಮ್ಮಂಗೆ ಏನೇ ಹೇಳ್ದೆ?"

"ಮೂಗಿನ ವಿಷ್ಯ ಕೇಳಿದ್ರು."

"ತೊಂದ್ರೆ ಅಂದ್ಲಲ್ಲ. ಯಾರ್ ತೊಂದ್ರೆ? ನಾನಾ?"

ಅವಳು ತಲೆ ತಗ್ಗಿಸಿ ಮೊಣಕೈ ಎತ್ತಿದಳು. ಒಂದು. ಎರಡು. ಮೂರು. ನಾಲ್ಕು. ನಾಲ್ಕಾಯಿತೆಂದು ಮೊಣಕೈ ಇಳಿಸಿ ಕೊಟ್ಟಿಗೆಯ ಕಡೆಗೆ ಹೆಜ್ಜೆ ಇಟ್ಟಳು. ಏಳು ವರ್ಷದ ಅಭ್ಯಾಸ. ಐದನೆಯದು ಕಿವಿಯ ಮೇಲೆ ಬಿತ್ತು, ಕಿವಿಯೋಲೆ ಹರಿದುಕೊಂಡು ಹೋಯಿತು. ಆರು, ಏಳು. ಅವನ ಬಾಯಿ ಮುಚ್ಚಿಯೇ ಇತ್ತು. ಎದೆ ಒಂದೇ ಸಮನೆ ಏರಿಳಿಯುತ್ತಿತ್ತು, ಹೊಲ ಉಳುವವನ ಎದೆಯಂತೆ. ಎಂಟಕ್ಕೆ ಅವಳು ಬಿದ್ದಳು. ಆಮೇಲಿನವು ಕಾಲಿನಿಂದ. ಹನ್ನೊಂದಕ್ಕೆ ಅವನೇ ಸಾಕೆಂದುಕೊಂಡು ನಿಲ್ಲಿಸಿದ. ದಣಿದು ನಿಲ್ಲಿಸಿದ್ದಲ್ಲ. ನೆಲದ ಮೇಲೆ ಮಲಗಿದ್ದ ಅವಳಿಗೆ ಆ ಮೂಗಿನಿಂದ ಸದ್ದಿಲ್ಲದೆ ಬರುತ್ತಿದ್ದ ಬಿಸಿಗಾಳಿ ಕೆನ್ನೆಗೆ ಸೋಕಿತು. ಐದನೆಯ ಪ್ರಶ್ನೆಗೆ ಉತ್ತರ ಸೊನ್ನೆ.

ಆ ತಿಂಗಳಲ್ಲಿ ಇಂಥದ್ದು ಇನ್ನೂ ಮೂರು ಸಲವಾಯಿತು. ಒಂದು ಸಲ ಪಕ್ಕೆಲುಬಿನಲ್ಲಿ ಏನೋ ಕಳಕ್ ಎಂದಿತು. ಅವಳು ಬಗ್ಗಿ ಕಸ ಗುಡಿಸುವುದನ್ನು ಬಿಟ್ಟು ಕೂತು ಗುಡಿಸತೊಡಗಿದಳು. ಬೆಳಕವಾಡಿಗೆ ಹೋದರೆ ಅಪ್ಪ ಮರುದಿನವೇ ಬಸ್ಸು ಹತ್ತಿಸುತ್ತಾನೆ, ಎರಡು ಸಲ ಹತ್ತಿಸಿದ್ದ. ಬೆನ್ನ ಹಿಂದೆ ಯಾವಾಗ ನಿಂತಿರುತ್ತಾನೋ ಎಂದು ಪಾತ್ರೆ ತೊಳೆಯುವಾಗಲೂ ಗೋಡೆಗೆ ಬೆನ್ನು ಕೊಟ್ಟು ಕೂರುವುದನ್ನು ರೂಢಿ ಮಾಡಿಕೊಂಡಳು. ಹಿಟ್ಟು ತೊಳಸುವಾಗ ಮಾತ್ರ ಅದು ಆಗುತ್ತಿರಲಿಲ್ಲ. ಆ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತರೆ ಬಾಗಿಲು ಬೆನ್ನಿಗೇ ಬರುತ್ತದೆ. ಬೆಂದ ರಾಗಿಯ ಮಡಕೆಯನ್ನು ಇಳಿಸಿ, ಕವೆಗೋಲಿನ ನಡುವೆ ಸಿಕ್ಕಿಸಿ, ಎರಡು ಪಾದದಲ್ಲೂ ಕವೆಯನ್ನು ಅದುಮಿ ಹಿಡಿದು, ಎರಡು ಕೈಯಲ್ಲೂ ಹಿಟ್ಟಿನ ಕೋಲು ಹಿಡಿದು ತಿರುವಬೇಕು. ಅರ್ಧಕ್ಕೆ ಬಿಟ್ಟರೆ ಗಂಟಾಗುತ್ತದೆ.

ಶುಕ್ರವಾರ ಸಂಜೆ, ದೀಪ ಹಚ್ಚುವ ಹೊತ್ತು. ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಒರಳಿನ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅಮೃತ ತಟ್ಟೆ ಹಿಡಿದು ಅಮ್ಮನ ಎದುರಿಗೆ ಕೂತಿದ್ದಳು. ನಯನ ಹಿಟ್ಟು ತಿರುವುತ್ತಿದ್ದಳು. ಮಗಳ ಕಣ್ಣು ತನ್ನ ಭುಜದ ಮೇಲಿಂದ ಎತ್ತರಕ್ಕೆ ಹೋಗಿ ಅಲ್ಲೇ ನಿಂತದ್ದನ್ನು ಕಂಡಳು. ಈಗ ಅವಳಿಗೆ ಉಳಿದಿದ್ದ ಗಂಟೆ ಮಗಳ ಕಣ್ಣು ಮಾತ್ರ.

ತಿರುಗುವ ಮೊದಲೇ ಜಡೆಗೆ ಕೈ ಬಿತ್ತು. "ನನ್ ಚಾರ್ಜರ್ ಎಲ್ಲೇ?" ಎಂದಷ್ಟೇ ಅವನು ಕೇಳಿದ್ದು. ಕತ್ತು ಹಿಂದಕ್ಕೆ ಬಾಗಿತು, ಬೆನ್ನಿಗೆ ಮೊಣಕಾಲು ಬಿತ್ತು. ಒಂದು. ಎರಡು. ಮುಖ ಮಡಕೆಯ ಹಬೆಗೆ ಹತ್ತಿರವಾಗುತ್ತ ಬಂತು. ಮೂರು. ಅಮೃತ ತಟ್ಟೆ ಬಿಟ್ಟು ಎದ್ದು ಅಪ್ಪನ ಕಾಲು ತಬ್ಬಿಕೊಂಡಳು. ಅವನು ಬಗ್ಗಿ ಮಗುವನ್ನು ಒಂದು ತೋಳಿನಲ್ಲಿ ಎತ್ತಿ ಆಚೆಗೆ ಎಸೆದ. ಮಗು ಬೆಳ್ಳುಳ್ಳಿಯ ಮೊರದ ಮೇಲೆ ಬಿತ್ತು, ಒರಳಿಗೆ ಗೇಣು ದೂರದಲ್ಲಿ. ಜಡೆ ಬಿಟ್ಟದ್ದು ಆಗಲೇ. ನಯನ ಕವೆಯ ಮೇಲಿಂದ ಕಾಲು ತೆಗೆದು ಎದ್ದು ನಿಂತಳು. ಎರಡು ಕೈಯಲ್ಲೂ ಹಿಟ್ಟಿನ ಕೋಲಿತ್ತು, ತುದಿಯಲ್ಲಿ ಕುದಿಯುವ ರಾಗಿ ಅಂಟಿಕೊಂಡಿತ್ತು.

ಅವನು ಮಗುವಿನ ಕಡೆಯಿಂದ ಇತ್ತ ತಿರುಗಿದ. ಕೈ ಎತ್ತಿದ. ಬಾಯಿ ಮುಚ್ಚಿತ್ತು, ಉಸಿರಿಗೆ ಸದ್ದಿರಲಿಲ್ಲ.

ಆ ಒಂದು ಗಳಿಗೆಯಲ್ಲಿ ಅವಳು ಅವನ ಮುಖವನ್ನು ನೋಡಿದಳು. ಹಣೆ ಇತ್ತು. ದವಡೆ ಇತ್ತು. ಕಿವಿಯ ಮೇಲಿನ ಮೆತ್ತಗಿನ ಜಾಗವಿತ್ತು, ಅಲ್ಲಿ ಬಿದ್ದರೆ ಮನುಷ್ಯ ಏಳುವುದಿಲ್ಲ. ನಡುವೆ, ಡಾಕ್ಟರು ನೆಟ್ಟಗೆ ಮಾಡಿದ್ದ ಮೂಗು. ಕೋಲು ಅಡ್ಡಲಾಗಿ ಬೀಸಿತು.

ಒಣಗಿದ ಕಬ್ಬಿನ ಗಿಣ್ಣು ಮುರಿದಂಥ ಸದ್ದು. ಬಿಸಿ ರಾಗಿ ಕೆನ್ನೆಗೆ, ರೆಪ್ಪೆಗೆ ಹಾರಿ ಅಂಟಿತು. ಸ್ವಾಮಿ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡು ಮೊಣಕಾಲೂರಿದ. ಬೆರಳ ಸಂದಿಯಿಂದ ರಕ್ತ ಮೊದಲು ತೊಟ್ಟಾಗಿ, ಆಮೇಲೆ ಧಾರೆಯಾಗಿ ನೆಲಕ್ಕೆ ಸಿಡಿದಿದ್ದ ಹಿಟ್ಟಿನೊಳಕ್ಕೆ ಇಳಿಯಿತು. ಅವಳು ಕೋಲನ್ನು ಮತ್ತೆ ಎತ್ತಿದ್ದಳು. ಎತ್ತಿದ್ದು ಅವಳಿಗೆ ಗೊತ್ತಾದದ್ದು ಅತ್ತೆ ಬಂದು ಮಣಿಕಟ್ಟು ಹಿಡಿದಾಗ.

"ಸಾಕ್ ಬುಡವ್ವ. ಒಂದೇ ಸಾಕು."

ಶಿವನಂಜಮ್ಮ ಕೋಲನ್ನು ಬಿಡಿಸಿಕೊಂಡಳು. ಮಗನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸೆರಗಿನಿಂದ ಅವನ ರೆಪ್ಪೆಯ ಮೇಲಿನ ರಾಗಿ ಒರೆಸಿದಳು. "ಕೇಳ್ಲಾ ಇಲ್ಲಿ. ಈಗ ಊರು ಬತ್ತದೆ. ಎಂಡ್ತಿ ಕೈಲಿ ಒಡಿಸ್ಕಂಡೆ ಅಂತ ಸಾರ್ಲಾ? ಇಲ್ಲಾ ಎತ್ತು ಅನ್ಲಾ?"

ಅವನು ರಕ್ತ ಉಗುಳಿದ. ಏನೋ ಹೇಳಲು ನೋಡಿದ, ಬಾಯಿಗಿಂತ ಮೊದಲು ಮೂಗಿನಿಂದ ಒಂದು ಸೀಳು ಶಿಳ್ಳೆ ಬಂತು. ಅಮೃತ ಅಜ್ಜಿಯ ಬೆನ್ನ ಹಿಂದೆ ಅವಿತಳು.

"ಎತ್ತು" ಎಂದ ಕೊನೆಗೆ.

"ಓದ್ ಸಲನೂ ಎತ್ತೇ ಅಲ್ವಾ ಆಗಿದ್ದು" ಎಂದು ಮುದುಕಿ ಎದ್ದಳು. ಆಮೇಲೆ ಹಿತ್ತಲಲ್ಲಿ ಕೋಲು ತೊಳೆಯುವಾಗ ಸೊಸೆಗೆ ಇಷ್ಟೇ ಹೇಳಿದಳು. "ಇವ್ನು ಅವ್ರಪ್ಪನ್ ಕುತ್ಗೆ ಇಡ್ದಿದ್ದ ಕಣವ್ವ ಆವತ್ತು. ನಾಲ್ಗೆ ಆಚ್ಗೆ ಬಂದಿತ್ತು ಮನುಸಂಗೆ. ನಾನು ಒನ್ಕೆ ತಕ್ಕಂಡೆ. ಆಮೇಲೆ ಆ ಬಡ್ಪಾಯಿ ಹೋರಿನ ಸಂತೇಲಿ ಮಾರುದ್ವಿ. ಮನುಸ್ರು ಮಾಡಿದ್ಕೆ ನಮ್ಮನೇಲಿ ಎತ್ಗೋಳ್ಗೆ ಎರಡ್ ಸಲ ಕೆಟ್ಟೆಸ್ರು ಬಂತು."

ಮೂರನೆಯ ದಿನ, ಮೂಗಿಗೆ ಪಟ್ಟಿ ಸುತ್ತಿಕೊಂಡಿದ್ದ ಸ್ವಾಮಿಯನ್ನು ನೋಡಲು ಬೀದಿಯವರು ಕೊಟ್ಟಿಗೆಯ ಮುಂದೆ ನಿಂತಿದ್ದರು. ಮಾದಯ್ಯನೂ ಬಂದಿದ್ದ. ಸುತ್ತಲ ಊರಿನ ಹೋರಿಗಳಿಗೆಲ್ಲ ಮೂಗು ಚುಚ್ಚಿ ದಾರ ಹಾಕುವ ಮುದುಕ. ಅವನು ಎತ್ತಿನ ಹತ್ತಿರ ಹೋಗಿ ಅದರ ಗಂಗೆದೊಗಲನ್ನು ಕೆರೆದ. ಎತ್ತು ಕಣ್ಣು ಮುಚ್ಚಿ ಕತ್ತು ನೀಡಿತು.

"ಇದಾ ಒದ್ರಿದ್ದು? ಇದುಕ್ಕೆ ದಾರ ಆಕ್ದೋನು ನಾನು ಕಣ್ಲಾ. ದಬ್ಳ ಚುಚ್ಚಿದ್ರೂ ತಲೆ ಎತ್ನಿಲ್ಲ. ನಿಂಗೆ ಎಂಗ್ಲಾ ಒದ್ರುತು?"

ಯಾರೋ ಕಿಸಕ್ಕೆಂದರು. ನಯನ ಬಾಗಿಲಲ್ಲಿ ನಿಂತಿದ್ದಳು. ಸ್ವಾಮಿ ಒಮ್ಮೆ ಅವಳ ಕಡೆ ನೋಡಿ, ಗೋಡೆಗೆ ಒರಗಿಸಿದ್ದ ಬಾರುಕೋಲು ತೆಗೆದುಕೊಂಡ. ಎತ್ತಿನ ಮೂಗುದಾರವನ್ನು ಗೂಟಕ್ಕೆ ಗಿಡ್ಡವಾಗಿ ಬಿಗಿದ. ಬಿಳಿ ಬೆನ್ನಿನ ಮೇಲೆ ಬಾರು ಬಿತ್ತು. ಚರ್ಮ ನಡುಗಿತು, ಕೆಂಪು ಗೆರೆ ಎದ್ದಿತು. ಎರಡನೆಯದು ಕತ್ತಿನ ಮೇಲೆ. ಎತ್ತು ಮೂಗುದಾರ ಎಳೆದುಕೊಂಡಿತು, ಹೊಳ್ಳೆಯಲ್ಲಿ ರಕ್ತ ಕಂಡಿತು. ಮೂರು. ನಯನ ತನಗೆ ಗೊತ್ತಿಲ್ಲದೆ ಮೊಣಕೈ ಎತ್ತಿದ್ದಳು. ನಾಲ್ಕು.

ಬಾರುಕೋಲು ಕೆಳಗಿಳಿಯಿತು. ಸ್ವಾಮಿಯ ಬಾಯಿ ತೆರೆದುಕೊಂಡಿತು. ಕೈ ಗೂಟವನ್ನು ಹುಡುಕಿ ಹಿಡಿದುಕೊಂಡಿತು. ಪಟ್ಟಿಯ ಕೆಳಗಿಂದ ಶಿಳ್ಳೆ, ತುಂಡುತುಂಡಾಗಿ.

"ಬುಡ್ಲಾ, ಮೂಕ್‌ಪ್ರಾಣಿ" ಎಂದು ಮಾದಯ್ಯ ಬಾರುಕೋಲು ಕಿತ್ತುಕೊಂಡ. ಒಂದು ಸಲ ಬಾಗಿಲ ಕಡೆ ನೋಡಿದ, ಇನ್ನೇನೂ ಕೇಳದೆ ಹೋದ. ಆ ಸಂಜೆ ನಯನ ಎತ್ತಿನ ಬರೆಗಳಿಗೆ ಅರಿಶಿನ ಎಣ್ಣೆ ಹಚ್ಚಿ, 'ತಪ್ಪಾಯ್ತು' ಎನ್ನಲು ಬಾಯಿ ಬಾರದೆ ಬೂಸಾದಲ್ಲಿ ಎರಡು ಅಚ್ಚು ಬೆಲ್ಲ ಜಾಸ್ತಿ ಕಲಸಿಟ್ಟಳು. ಅವಳಿಗೆ ನಾಚಿಕೆಯಾಗಿತ್ತು. ಆದರೆ ಆ ರಾತ್ರಿ ಇಪ್ಪತ್ತು ಎಣಿಸಿ, ತಿಂಗಳುಗಳ ಮೇಲೆ ಮೊದಲ ಸಲ ನಿದ್ದೆ ಮಾಡಿದಳು.

ಆರು ತಿಂಗಳ ತಪಾಸಣೆಗೆ ಮಂಡ್ಯಕ್ಕೆ ಹೋಗಲೇಬೇಕಾಯಿತು, ಫ್ಯಾಕ್ಟರಿಗೆ ಕಾಗದ ಬೇಕಿತ್ತು. ಡಾಕ್ಟರ್ ರಂಜಿತ ಕ್ಯಾಮರಾ ಹಾಕಿ ನೋಡಿ, ಇದು ಹೇಗಾಯಿತೆಂದು ಕೇಳಿದರು. ಎತ್ತು ಎಂದ ಸ್ವಾಮಿ. ಮೂಗಿಗೆ ಔಷಧಿ ಸಿಂಪಡಿಸಿ, ಸ್ಟೀಲ್ ಪಟ್ಟಿಗೆ ಉಸಿರು ಬಿಡಿಸಿ, ಅವನನ್ನು ಹೊರಗೆ ಕಳಿಸಿದರು. ನೀಲಿ ನೋಟ್‌ಬುಕ್ಕು ತೆರೆದು, ಅಡಿಗೆರೆ ಎಳೆದಿದ್ದ ಮಾತಿನ ಮೇಲೆ ಬೆರಳಿಟ್ಟರು.

"ಎತ್ತು ತಲೆ ಒದರಿದರೆ ಏಟು ಕೆಳಗಿಂದ ಮೇಲಕ್ಕೆ ಬರುತ್ತೆ, ನಯನ. ಇದು ಪಕ್ಕದಿಂದ ಬಂದಿದೆ."

ನಯನ ಮೇಜಿನ ಮೇಲಿನ ಸ್ಟೀಲ್ ಪಟ್ಟಿಯನ್ನು ನೋಡುತ್ತಿದ್ದಳು. ಎಡಗಡೆ ಹೆಸರುಕಾಳಿನಷ್ಟು ಆವಿ, ಅಂಚಿನಿಂದ ಆರುತ್ತಿತ್ತು.

"ನಾನು ಪೊಲೀಸಲ್ಲ. ಅಂದುಕೊಂಡದ್ದು ಯಾಕೆ ತಪ್ಪಿತು ಅಂತ ನನಗೆ ತಿಳೀಬೇಕು. ಮತ್ತೆ ಮಾಡಿದರೆ ನಿಲ್ಲುತ್ತಾ ಇಲ್ಲವಾ ಅನ್ನೋದೂ ಅದರ ಮೇಲಿದೆ. ನಿಮಗೆ ಸಹಾಯ ಬೇಕಿದ್ದರೆ, ಯಾರಿಗೆ ಹೇಳಬೇಕು ಅಂತ ನನಗೆ ಗೊತ್ತು."

ಒಳ್ಳೆಯ ಹೆಂಗಸು. ಸುಳ್ಳು ಹೇಳಿಸಿಕೊಳ್ಳಬೇಕಾದವರಲ್ಲ. ನಯನಳಿಗೆ ಹೇಳಿಬಿಡೋಣ ಎನಿಸಿತು. ಎಲ್ಲಿಂದ ಶುರುಮಾಡುವುದು ಎಂದು ಯೋಚಿಸಿದಳು. ನಾಲ್ಕರಿಂದಲೋ ಹನ್ನೊಂದರಿಂದಲೋ. ಹೇಳಿದರೆ ಇವರು ಮೂಗನ್ನು ಮತ್ತೆ ನೆಟ್ಟಗೆ ಮಾಡುವುದಿಲ್ಲವೆಂದು ಏನು ಗ್ಯಾರಂಟಿ? ವೈದ್ಯರ ಕೆಲಸ ಅದು. ಹಾಳೆ ಮುಂದಿತ್ತು, ಅದೇ ಐದು ಪ್ರಶ್ನೆಗಳು. ಅವಳು ಪೆನ್ನು ತೆಗೆದುಕೊಂಡು ಸೊನ್ನೆ, ಒಂದು, ಸೊನ್ನೆ, ಸೊನ್ನೆ ಎಂದು ತುಂಬಿದಳು. ಐದನೆಯದಕ್ಕೂ ಸೊನ್ನೆ. ಅಳಿಸಿಹೋಗದ ಹಾಗೆ ಗೆರೆಯ ಮೇಲೆ ಗೆರೆ ಎಳೆದು ತಿದ್ದಿದಳು.

"ಅವರಿಗೆ ಈಗ ಏನೂ ತೊಂದರೆ ಇಲ್ಲ ಮೇಡಂ. ಎತ್ತೇ."

ಡಾಕ್ಟರು ಹಾಳೆಯನ್ನೂ ಪಟ್ಟಿಯನ್ನೂ ನೋಡಿದರು. ಪಟ್ಟಿಯ ಮೇಲೆ ಈಗ ಏನೂ ಇರಲಿಲ್ಲ. "ಇಷ್ಟು ಕಡಿಮೆ ನಂಬರಿಗೆ ನಾನು ಆಪರೇಷನ್ ಮಾಡಲ್ಲ" ಎಂದು ನಿಧಾನವಾಗಿ ಹೇಳಿ, ನೋಟ್‌ಬುಕ್ಕಿನಲ್ಲಿ ಏನನ್ನೂ ಬರೆಯದೆ ಮುಚ್ಚಿದರು.

ಬಸ್ಸು ಮದ್ದೂರು ಬಿಟ್ಟು ಮಳವಳ್ಳಿ ರಸ್ತೆಗೆ ತಿರುಗುವ ಹೊತ್ತಿಗೆ ಸ್ವಾಮಿ ಕಿಟಕಿಗೆ ತಲೆ ಕೊಟ್ಟು ಮಲಗಿದ್ದ. ಇಂಜಿನ್ನಿನ ಸದ್ದಿನ ನಡುವೆಯೂ ಅವಳಿಗೆ ಅದು ಕೇಳಿಸುತ್ತಿತ್ತು. ಇಪ್ಪತ್ತು ಎಣಿಸಿದಳು. ಹೊಡೆದದ್ದು ಸೊಸೆ ಎಂದು ಅತ್ತೆಗೆ ಗೊತ್ತು, ಮಾದಯ್ಯನಿಗೆ ಗುಮಾನಿ, ಡಾಕ್ಟರಿಗೂ ಗುಮಾನಿ. ಭಯಕ್ಕೆ ಕೈ ಬೀಸಿತು ಎಂದು ಅವರೆಲ್ಲ ತಿಳಿದುಕೊಂಡಿರಲಿ. ಕೋಲು ಕೈಯಲ್ಲಿದ್ದ ಆ ಗಳಿಗೆಯಲ್ಲಿ ತನಗೆ ಹೊತ್ತಿತ್ತು, ಹಣೆ ದವಡೆ ಕಿವಿ ಎಲ್ಲವನ್ನೂ ನೋಡಿ ಆರಿಸಿಕೊಂಡೇ ಹೊಡೆದೆ ಎನ್ನುವುದನ್ನು ಅತ್ತೆಗೂ ಹೇಳುವುದಿಲ್ಲ, ನಾಳೆ ದೊಡ್ಡವಳಾಗಿ ಅಮೃತ ಕೇಳಿದರೆ ಅವಳಿಗೂ ಹೇಳುವುದಿಲ್ಲ ಎಂದು ನಯನ ತೀರ್ಮಾನಿಸಿದಳು.